ಹಪ್ಪಳದ ಮೇಲೆ ಬಿದ್ದ ಟಯರಿನ ಗುರುತು

ನಮ್ಮ ಮನೆಯಲ್ಲಿ ಇರುವುದು ಒಂದೇ ಕಾರು. ದೇವಸ್ಥಾನಕ್ಕೆ ಹೋಗುವುದೂ ಅದರಲ್ಲೇ, ಕುಂಬಳೆ ಪೇಟೆಯಿಂದ ಅಕ್ಕಿ ಮೂಟೆ ಬರುವುದೂ ಅದರಲ್ಲೇ. ಅದೇ ಕಾರನ್ನು ನನ್ನ ಗಂಡ ವರ್ಷಕ್ಕೆ ಮೂರು ನಾಲ್ಕು ಸಲ ಕೊಯಮತ್ತೂರಿನ ಕಡೆ ಕೊಂಡುಹೋಗಿ, ಅಲ್ಲಿ ರೇಸಿಗೆಂದು ಮಾಡಿಟ್ಟ ಟ್ರ್ಯಾಕಿನಲ್ಲಿ ಗಿರಗಿರ ಸುತ್ತಿಸಿಕೊಂಡು ಬರುತ್ತಾರೆ. ರೇಸು ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಅಲ್ಲಿ ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ದುಡ್ಡು ಕಟ್ಟಿದವರಿಗೆ ಒಂದು ದಿನ ಟ್ರ್ಯಾಕು ಬಿಟ್ಟುಕೊಡುತ್ತಾರೆ, ಅವರವರ ಕಾರು ಅವರವರೇ ಓಡಿಸುವುದು, ಅದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಬಹುಮಾನವೂ ಇಲ್ಲದ ಮೇಲೆ ಹೋಗುವುದು ಎಂತಕ್ಕೆ ಎಂದು ನಾನು ಕೇಳಿದ್ದುಂಟು.

ಇದು ಗಲ್ಫಿನಲ್ಲಿದ್ದಾಗ ಹಿಡಿದ ಹುಚ್ಚು. ಊರಿಗೆ ಬಂದು ಕುಂಬಳೆ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಘಟಕ ಹಾಕಿದ ಮೇಲೆ ತಾನಾಗಿ ಬಿಟ್ಟೀತು ಎಂದುಕೊಂಡಿದ್ದೆ. ಬಿಡಲಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಬೈದರೆ ತಿರುಗಿ ಬೈಯುವುದೂ ಇಲ್ಲ. ಇಷ್ಟಾದರೂ ಕೊಟ್ಟಿದ್ದಾನಲ್ಲ ಎಂದು ದೇವರಿಗೆ ದಿನಾ ಕೈ ಮುಗಿಯುತ್ತೇನೆ. ಆದರೆ ಟಯರಿನ ವಿಷಯ ಎತ್ತಿದರೆ ಮಾತ್ರ ನನ್ನ ತಾಳ್ಮೆ ಉಳಿಯುವುದಿಲ್ಲ.

ಟಯರಿನ ವಿಷಯ ಎಂದರೆ ಇಷ್ಟು. ಆ ಟ್ರ್ಯಾಕಿನಲ್ಲಿ ತಿರುವುಗಳು ಹೆಚ್ಚಿನವು ಬಲಕ್ಕೆ. ವೇಗದಲ್ಲಿ ಬಲಕ್ಕೆ ತಿರುಗಿಸಿದಾಗ ಕಾರಿನ ಭಾರವೆಲ್ಲ ಎಡಗಡೆಯ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಆ ಟಯರು ಹೊರಮಗ್ಗುಲಿಗೆ ಮಡಚಿಕೊಂಡು ಡಾಮರಿಗೆ ಉಜ್ಜುತ್ತದೆ. ಒಂದು ದಿನ ಓಡಿಸಿ ತಂದರೆ ಹೊರ ಅಂಚು ಬೋಳು, ಉಳಿದದ್ದು ಹೊಸದರ ಹಾಗೆ. ಕಾಲೆಳೆದು ನಡೆಯುವವರ ಚಪ್ಪಲಿ ಒಂದೇ ಬದಿ ಸವೆಯುವುದಿಲ್ಲವೇ, ಹಾಗೆ. ಮೊದಮೊದಲು ಇವರು ಮುಂದಿನದನ್ನು ಹಿಂದೆ, ಹಿಂದಿನದನ್ನು ಮುಂದೆ ಹಾಕಿ ಸುಧಾರಿಸಿದರು. ಗಾಳಿ ಹೆಚ್ಚು ಕಡಿಮೆ ಮಾಡಿ ನೋಡಿದರು. ಆಮೇಲೆ ಯಾರೋ ಹೇಳಿದರೆಂದು ಕಾಸರಗೋಡಿನಲ್ಲಿ ಎಲೈನ್‌ಮೆಂಟ್ ಮಾಡುವ ಅಂಗಡಿಗೆ ಹೋಗಿ, ಬೇರೆಯೇ ಬೋಲ್ಟು ಹಾಕಿಸಿ, ಮುಂದಿನ ಎರಡೂ ಚಕ್ರಗಳ ತಲೆಯನ್ನು ಒಳಕ್ಕೆ ವಾಲಿಸಿಕೊಂಡು ಬಂದರು. ಅದಕ್ಕೆ ಕ್ಯಾಂಬರ್ ಎನ್ನುತ್ತಾರೆ. ಹಾಗೆ ವಾಲಿಸಿದರೆ ಟ್ರ್ಯಾಕಿನಲ್ಲಿ ತಿರುಗುವಾಗ ಟಯರು ನೆಟ್ಟಗೆ ಕೂರುತ್ತದೆ, ಹೊರ ಅಂಚು ಉಳಿಯುತ್ತದೆ.

"ಈಗ ನೋಡು, ಎಷ್ಟು ಚಂದ ನಿಂತಿದೆ" ಎಂದು ಅಂಗಳದಲ್ಲಿ ನಿಲ್ಲಿಸಿ ತೋರಿಸಿದರು. ನನಗೆ ಅದು ಮೊಣಕಾಲು ನೋವಿನವರು ನಿಂತ ಹಾಗೆ ಕಂಡಿತು.

ಒಂದು ಮಾತನ್ನು ಆ ಅಂಗಡಿಯವನು ಹೇಳಿದ್ದನಂತೆ, ಇವರು ನನ್ನಿಂದ ಮುಚ್ಚಿಟ್ಟಿದ್ದರು. ಹಾಗೆ ವಾಲಿಸಿದ ಕಾರನ್ನು ಊರಿನ ನೇರ ರಸ್ತೆಯಲ್ಲಿ ದಿನಾ ಓಡಿಸಿದರೆ ಟಯರಿನ ಒಳ ಅಂಚು ಸವೆಯುತ್ತದೆ. ಟ್ರ್ಯಾಕಿನಿಂದ ಬಂದ ಕೂಡಲೇ ಮೊದಲಿನ ಹಾಗೆ ಮಾಡಿಸಬೇಕು. ಇವರು ಮಾಡಿಸಲಿಲ್ಲ. ಪ್ರತಿಸಲ ಹೋಗಿ ಬಂದು ಯಾರು ಮಾಡಿಸುತ್ತಾರೆ ಎಂಬ ಉದಾಸೀನ. ಹೊರಗಿನಿಂದ ನೋಡಿದರೆ ಟಯರು ಚೆನ್ನಾಗಿಯೇ ಕಾಣುತ್ತದೆ. ಒಳ ಅಂಚನ್ನು ಬಗ್ಗಿ ನೋಡುವವರು ಯಾರು?

ಆ ಬೇಸಗೆಯಲ್ಲಿ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಅಳಿಯ ಗಲ್ಫಿನಲ್ಲಿ. ಬೀಗರು ಬಯಕೆ ಶಾಸ್ತ್ರ ಮುಗಿಸಿ, ಸೀರೆ ಉಡಿಸಿ, ಮಡಿಲು ತುಂಬಿಸಿ ನಮ್ಮ ಕೈಗೆ ಒಪ್ಪಿಸಿ ಹೋಗಿದ್ದರು. ಮಗಳು ನನ್ನವಳೇ ಆದರೂ, ಒಪ್ಪಿಸಿದ ಮೇಲೆ ಹೆಚ್ಚುಕಡಿಮೆಯಾದರೆ ಬೀಗರಿಗೆ ಉತ್ತರ ಹೇಳಬೇಕಾದವಳು ನಾನು. ಹೆರಿಗೆಗೆ ಗೊತ್ತು ಮಾಡಿದ್ದು ಮಂಗಳೂರಿನ ಆಸ್ಪತ್ರೆ. ತಾರೀಕು ಬೀಳುವುದು ಮಳೆಗಾಲ ಸುರುವಾದ ಮೇಲೆ. ಕುಂಬಳೆಯಿಂದ ತಲಪಾಡಿ ದಾಟಿ ಅಲ್ಲಿಯವರೆಗೆ ಹೊಸ ಹೆದ್ದಾರಿ ಅಗಲವಾಗಿದೆ ನಿಜ, ಆದರೆ ಜೋರು ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ: ನೋವು ಬಂದ ದಿನ ಅವಳನ್ನು ಸುಸೂತ್ರವಾಗಿ ಆಸ್ಪತ್ರೆಗೆ ಮುಟ್ಟಿಸಬೇಕು. ದೀಪ ಹಚ್ಚುವಾಗಲೂ ಅದನ್ನೇ ಬೇಡಿಕೊಳ್ಳುತ್ತಿದ್ದೆ.

ಮೇ ತಿಂಗಳಲ್ಲಿ ನಾನು ಹಲಸಿನಕಾಯಿ ಹಪ್ಪಳ ಮಾಡುತ್ತೇನೆ. ಕಾಯಿಯ ಸೊಳೆ ಬಿಡಿಸಿ ಬೇಯಿಸಿ, ಖಾರ ಹಾಕಿ ರುಬ್ಬಿ, ಉಂಡೆ ಮಾಡಿ ಒತ್ತಿ, ಚಾಪೆಯಲ್ಲಿ ಹರವಿ ಒಣಗಿಸಬೇಕು. ಬಿಸಿಲು ಬೀಳುವುದು ಅಂಗಳದಲ್ಲಿ ಗೇಟಿನ ಕಡೆ ಮಾತ್ರ, ಹಾಗಾಗಿ ಚಾಪೆ ಹಾಸುವುದೂ ಅಲ್ಲೇ. ಅವತ್ತು ಆಗಷ್ಟೇ ಹರವಿ ಒಳಗೆ ಬಂದು ಕೈ ತೊಳೆಯುತ್ತಿದ್ದೆ. ಇವರು ಕಾರನ್ನು ಹಿಂದಕ್ಕೆ ತೆಗೆದು ತಿರುಗಿಸಿದರು. ಮಗಳು ಜಗಲಿಯಿಂದ "ಅಪ್ಪ, ಹಪ್ಪಳ!" ಎಂದು ಕೂಗಿದಳು. ಕಿಟಕಿ ಗಾಜು ಏರಿಸಿ ಒಳಗೆ ಕುಳಿತವರಿಗೆ ಕೇಳಬೇಕಲ್ಲ. ನಾನು ಹೊರಗೆ ಓಡಿ ಬರುವಾಗ ಎಡಗಡೆಯ ಮುಂದಿನ ಚಕ್ರ ಚಾಪೆಯ ಒಂದು ಸಾಲನ್ನು ಉದ್ದಕ್ಕೆ ಒತ್ತಿಕೊಂಡು ಹೋಗಿಯಾಗಿತ್ತು.

"ನಿಮಗೆ ಕಣ್ಣು ಕಾಣುವುದಿಲ್ಲವಾ? ಬೆಳಗ್ಗೆಯಿಂದ ಸೊಂಟ ಬಗ್ಗಿಸಿ ಕೂತು ಒತ್ತಿದ್ದು ನಾನು!"

ಅವರು ಇಳಿದರು. ಚಾಪೆಯ ಹತ್ತಿರ ಬಂದರು. ಮುಖ ಸಣ್ಣದು ಮಾಡಿಕೊಂಡು ತಪ್ಪಾಯಿತು ಎನ್ನುತ್ತಾರೆಂದು ನಾನು ಕಾದು ನಿಂತೆ. ಅವರು ಕುಕ್ಕರುಗಾಲಲ್ಲಿ ಕುಳಿತು, ಕನ್ನಡಕ ಹಣೆಗೆ ಏರಿಸಿ, ಹಪ್ಪಳವನ್ನು ಮೂಗಿನ ಹತ್ತಿರ ಹಿಡಿದು ನೋಡಲು ತೊಡಗಿದರು.

"ಅಬ್ಬ! ನೋಡು ಮಾರಾಯ್ತಿ, ಎಷ್ಟು ಸ್ಪಷ್ಟ ಬಂದಿದೆ."

ಹಸಿ ಹಪ್ಪಳದ ಮೇಲೆ ಟಯರಿನ ಅಚ್ಚು ಬಿದ್ದಿತ್ತು. ಅರ್ಧದಲ್ಲಿ ಗೆರೆ ಗೆರೆಯಾಗಿ ಒಳ್ಳೆಯ ವಿನ್ಯಾಸ. ಇನ್ನರ್ಧ ನಾನು ಒತ್ತಿದ್ದಕ್ಕಿಂತಲೂ ನುಣ್ಣಗೆ.

"ಈ ನುಣ್ಣಗಿನದು ಎಂತದು?" ಎಂದು ಕೇಳಿದೆ.

"ಅದು ಒಳಗಿನ ಅಂಚು. ಪೂರ್ತಿ ಹೋಗಿದೆ. ಇಷ್ಟು ಹೋಗಿದೆ ಎಂದು ನನಗೂ ಅಂದಾಜಿರಲಿಲ್ಲ." ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ, ಕುತೂಹಲ ಇತ್ತು. ಮೊಬೈಲು ತೆಗೆದು ಹಪ್ಪಳದ ಫೋಟೋ ಹೊಡೆದರು. ಸಾಲದ್ದಕ್ಕೆ ನನಗೆ, "ಇದೊಂದನ್ನು ಕರಿಯಬೇಡ, ಹಾಗೇ ಒಣಗಿಸಿ ಇಡು" ಎಂದರು.

ಮಗಳಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಗೆರೆ ಇಲ್ಲದ ಟಯರು ನೀರಿನ ಮೇಲೆ ಜಾರುತ್ತದೆ ಎಂದು ತಿಳಿಯಲು ಟ್ರ್ಯಾಕಿಗೆ ಹೋಗಬೇಕಾಗಿಲ್ಲ. ಸವೆದ ಚಪ್ಪಲಿ ಹಾಕಿ ಪಾಚಿ ಹಿಡಿದ ಮೆಟ್ಟಿಲು ಇಳಿದವರಿಗೆ ಸಾಕು.

"ಈ ಟಯರಿನಲ್ಲಿ ಮಳೆಗೆ ಮಂಗಳೂರಿಗೆ ಹೋಗುವುದಾ, ಇವಳನ್ನು ಕೂರಿಸಿಕೊಂಡು?"

"ಅದಕ್ಕೆ ಮೊದಲು ಮಾಡಿಸುವ. ಮಳೆ ಬರಲಿ."

"ಮಳೆ ಬಂದ ಮೇಲೆ ಅಲ್ಲ, ಮೊದಲು. ಹೊಸತು ಹಾಕಿಸಿ."

"ಹೊರಗೆ ರಬ್ಬರ್ ಇನ್ನೂ ಉಂಟಲ್ಲ, ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ" ಎಂದು ಒಳಗೆ ಹೋದರು. ಚಾಪೆಯಿಂದ ಹಾಳಾದ ಹಪ್ಪಳ ತೆಗೆದು ದನಕ್ಕೆ ಹಾಕಿದೆ. ಹೋದದ್ದು ಒಂದೇ ಸಾಲು, ಉಳಿದದ್ದಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವರು ಇಡಲು ಹೇಳಿದ ಹಪ್ಪಳವೂ ದನಕ್ಕೇ ಹೋಯಿತು.

ಆ ಫೋಟೋ ಇವರ ಟ್ರ್ಯಾಕಿನ ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಅಲ್ಲಿ ಹಪ್ಪಳಕ್ಕೆ ಸಿಕ್ಕಿದ ಮರ್ಯಾದೆ ನನ್ನ ಅಡುಗೆಗೆ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ. ಊಟಕ್ಕೆ ಕುಳಿತಲ್ಲಿಂದಲೇ ಒಂದೊಂದು ಮೆಸೇಜು ಓದಿ ಹೇಳುತ್ತಿದ್ದರು. ಕೊನೆಗೆ ಯಾರೋ ಒಬ್ಬ ಪುಣ್ಯಾತ್ಮ ಉಪಾಯ ಕೊಟ್ಟ. ಟಯರನ್ನು ರಿಮ್ಮಿನಿಂದ ಬಿಚ್ಚಿ, ಮಗುಚಿ, ಪುನಃ ಹಾಕಿದರೆ ಒಳ ಅಂಚು ಹೊರಗೆ ಬರುತ್ತದೆ, ಹೊರ ಅಂಚು ಒಳಗೆ ಹೋಗುತ್ತದೆ. ಇನ್ನೊಂದು ಟ್ರ್ಯಾಕ್ ಡೇಗೆ ಧಾರಾಳ ಸಾಕು.

"ದೋಸೆ ಮಗುಚಿದ ಹಾಗೆ" ಎಂದು ನನಗೆ ವಿವರಿಸಿದರು.

"ಸೀದ ದೋಸೆಯನ್ನು ಮಗುಚಿದರೆ ಸೀದದ್ದು ಹೋಗ್ತದಾ?" ಎಂದೆ. ಅವರು ಮುಂದಿನ ಮೆಸೇಜು ಓದಿದರು.

ಇವತ್ತು ನಾಳೆ ಎಂದು ದಿನ ಹೋಯಿತು. ಮಳೆ ಹಿಡಿಯಿತು. ನಾನು ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ನೆನಪು ಮಾಡಿದೆ. ಡಾಕ್ಟರು ಕೊಟ್ಟ ತಾರೀಕಿಗೆ ಇನ್ನೂ ಸಮಯ ಉಂಟಲ್ಲ ಎಂಬುದು ಅವರ ಮಾತು. ಚೊಚ್ಚಲ ಹೆರಿಗೆಗೆ ತಾರೀಕು ಗೊತ್ತಿರುತ್ತದೆಯೇ ಎಂಬುದು ನನ್ನ ಮಾತು. ಕೊನೆಗೊಂದು ಬೆಳಗ್ಗೆ ಕಾಫಿ ಕುಡಿದವರೇ ಎದ್ದು, ಅಂಗಳದಲ್ಲಿ ಕಾರಿನ ಮುಂಭಾಗ ಎತ್ತಿ, ಅಡಿಗೆ ಕೆಂಪುಕಲ್ಲು ಪೇರಿಸಿ, ಎರಡೂ ಚಕ್ರ ಬಿಚ್ಚಿ ಆಟೋರಿಕ್ಷಾಕ್ಕೆ ಹಾಕಿಕೊಂಡು ಕುಂಬಳೆಗೆ ಹೊರಟರು. ಹೊಸತು ಹಾಕಿಸಲು ಅಂತೂ ಹೊರಟರಲ್ಲ ಎಂದು ನಾನು ದೇವರ ಕೋಣೆಗೆ ಹೋಗಿ ಒಂದು ಬತ್ತಿ ಹೆಚ್ಚು ಹಚ್ಚಿದೆ. ಮಗುಚಲಿಕ್ಕೆ ಹೋದದ್ದೆಂದು ಆಗ ನನಗೆ ಗೊತ್ತಿರಲಿಲ್ಲ.

ಕುಂಬಳೆಯ ಟಯರಿನವನು ಆಗುವುದಿಲ್ಲ ಎಂದನಂತೆ. ಆ ಟಯರಿನ ಒಂದು ಮಗ್ಗುಲಲ್ಲಿ ಇದು ಹೊರಗಿನ ಬದಿ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿಯೇ ಬಂದಿರುತ್ತದೆ. ಮಗುಚಿ ಹಾಕಿದರೆ ಮಳೆನೀರನ್ನು ಸರಿಯಾಗಿ ಹೊರಹಾಕುವುದಿಲ್ಲ. ಇವರು ಕೇಳುವ ಜನವೇ? ಅದೇ ರಿಕ್ಷಾದಲ್ಲಿ ಕಾಸರಗೋಡಿನ ಇನ್ನೊಂದು ಅಂಗಡಿಗೆ ಹೋದರು.

ನಾನು ಗಂಜಿಗೆ ನೀರಿಟ್ಟು ತೆಂಗಿನಕಾಯಿ ಹೆರೆಯುತ್ತಿದ್ದೆ. ಮಗಳು ಬಾಗಿಲಿಗೆ ಆತು ನಿಂತು, "ಅಮ್ಮ, ಇದು ಸುಮ್ಮನೆ ಬರುವ ನೋವಲ್ಲ ಅನ್ನಿಸ್ತದೆ" ಎಂದಳು. ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಫೋನು ಹಚ್ಚಿದೆ.

"ಎಲ್ಲಿದ್ದೀರಿ? ನೋವು ಸುರುವಾಗಿದೆ."

"ಯಾರಿಗೆ?"

"ನನಗೆ! ಯಾರಿಗೆ ಅಂತ ಕೇಳ್ತಾರೆ ನೋಡು. ಇವಳಿಗೆ!"

"ಅಯ್ಯೋ. ಈಗ ಬಂದೆ, ಈಗ ಬಂದೆ."

"ಎಂತದರಲ್ಲಿ ಬರುವುದು? ಚಕ್ರ ಉರುಳಿಸಿಕೊಂಡಾ? ಹೊಸತು ಹಾಕಿಸಿ ಆಯ್ತಾ ಇಲ್ವಾ?"

"ಹೊಸತಲ್ಲ ಮಾರಾಯ್ತಿ… ಮಗುಚಲಿಕ್ಕೆ ಹೇಳಿದ್ದು" ಎಂದರು.

ಆಗ ನನ್ನ ಬಾಯಲ್ಲಿ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ದೇವರ ಕೋಣೆಯ ಬಾಗಿಲು ತೆರೆದಿತ್ತು, ಕೇಳಿಸಿಕೊಂಡದ್ದಕ್ಕೆ ಅವನು ಕ್ಷಮಿಸಲಿ. ಕಿಟಕಿಯಿಂದ ಕಾಣುತ್ತಿತ್ತು, ಎರಡು ಕಲ್ಲುರಾಶಿಯ ಮೇಲೆ ಮೂತಿ ಎತ್ತಿ ಕುಳಿತ ಕಾರು, ಅದರ ಮೇಲೆ ಸುರಿಯುವ ಮಳೆ.

ಬೇಲಿಯ ಆಚೆ ಕೊಂಕಣಿ ಮಾತಾಡುವ ಕ್ರಿಶ್ಚನ್ನರ ಮನೆ. ಗಂಡ ಹೆಂಡತಿ ಇಬ್ಬರೇ. ನಮ್ಮ ಕಡೆಯ ರೂಢಿಯಂತೆ ನಾವು ಗಂಡನನ್ನು ಪೊರ್ಬುಗಳು, ಹೆಂಡತಿಯನ್ನು ಬಾಯಿ ಎಂದೇ ಕರೆಯುವುದು. ಅವರದ್ದೊಂದು ಹಳೆಯ ಬಿಳಿ ಕಾರು ಇದೆ. ಆದಿತ್ಯವಾರ ಇಗರ್ಜಿಗೆ, ವಾರಕ್ಕೊಮ್ಮೆ ಮೀನಿಗೆ, ಅಷ್ಟೇ ಅದರ ಓಡಾಟ. ನಾನು ಬೇಲಿಯಿಂದ ಕೂಗಿದ್ದೇ ತಡ, ಬಾಯಿ ಕೈಯಲ್ಲಿದ್ದ ಸೌಟು ಸಮೇತ ಓಡಿ ಬಂದರು.

"ನೀವು ಗಡಿಬಿಡಿ ಮಾಡಬೇಡಿ. ಬಟ್ಟೆ ಗಂಟು ಕಟ್ಟಿಟ್ಟಿದ್ದೀರಲ್ಲ? ಅದನ್ನು ತನ್ನಿ. ಪೊರ್ಬುಗಳು ಪ್ಯಾಂಟು ಹಾಕ್ತಿದ್ದಾರೆ."

ಪೊರ್ಬುಗಳು ಬಂದವರೇ ನಮ್ಮ ಅಂಗಳದ ಕಾರನ್ನು ನೋಡಿ, "ಇದಕ್ಕೆ ಎಂತಾಯ್ತು? ಇದಕ್ಕೂ ಹೆರಿಗೆಯಾ?" ಎಂದರು. ಮಗಳು ಆ ನೋವಿನಲ್ಲೂ ನಕ್ಕಳು. ಅಷ್ಟು ನಗುವ ಶಕ್ತಿ ಇತ್ತಲ್ಲ ಅವಳಿಗೆ, ಅದೂ ದೇವರ ದಯೆ.

ಹೆದ್ದಾರಿಯಲ್ಲಿ ಪೊರ್ಬುಗಳು ಓಡಿಸಿದ ವೇಗಕ್ಕೆ ಲಾರಿಯವರೂ ಹಾರ್ನು ಹೊಡೆದು ದಾಟಿ ಹೋದರು. ನಾನು ಹಿಂದಿನ ಸೀಟಿನಲ್ಲಿ ಮಗಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಅನಂತಪುರದ ದೇವರನ್ನು ನೆನೆಯುತ್ತಿದ್ದೆ. ಮುಂದೆ ಬಾಯಿ ಜಪಸರ ಹಿಡಿದಿದ್ದರು. ಉಪ್ಪಳ ಕಳೆದು ಒಂದು ತಗ್ಗಿನಲ್ಲಿ ಕೆಂಪು ನೀರು ರಸ್ತೆ ತುಂಬ ನಿಂತಿತ್ತು. ನಮ್ಮನ್ನು ದಾಟಿ ಹೋದ ಒಂದು ಕಾರು ಆ ನೀರಿಗೆ ಹೊಕ್ಕು, ಕಣ್ಣೆದುರಿಗೇ ಹಿಂಭಾಗ ಬೀಸಿ, ಅಡ್ಡಡ್ಡ ಜಾರಿ, ಹೇಗೋ ಸುಧಾರಿಸಿಕೊಂಡು ನಿಂತಿತು. ಬಾಯಿ "ಜೆಜು!" ಎಂದರು. ನನ್ನ ನಾಮಸ್ಮರಣೆ ಅರ್ಧದಲ್ಲೇ ನಿಂತಿತು. ಪೊರ್ಬುಗಳು ಇನ್ನೂ ನಿಧಾನ ಮಾಡಿ, ನೀರನ್ನು ನೆಟ್ಟಗೆ ಸೀಳಿಕೊಂಡು ಆಚೆ ದಾಟಿಸಿದರು. ಅವರ ಕಾರಿನ ಟಯರು ಹಳತು, ಆದರೆ ಎಲ್ಲ ಕಡೆ ಒಂದೇ ಸಮ. ನಮ್ಮ ಕಾರಿನಲ್ಲಿ ಬಂದಿದ್ದರೆ ಎಂಬ ಯೋಚನೆ ಬಂತು. ಕಲ್ಲಿನ ಮೇಲೆ ಕುಳಿತ ಆ ಕಾರಿಗೆ ಅಲ್ಲೇ ಮನಸ್ಸಿನಲ್ಲಿ ಕೈ ಮುಗಿದೆ. ಅದಕ್ಕೆ ಚಕ್ರ ಇಲ್ಲದೆ ಹೋದದ್ದೇ ನಮ್ಮ ಪುಣ್ಯ.

ಸಂಜೆಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಕ್ಷೇಮ.

ಇವರು ಬಸ್ಸಿನಲ್ಲಿ ಬಂದು ಮುಟ್ಟಿದರು. ಅಂಗಿ ಒದ್ದೆ, ಎರಡೂ ಕೈ ಟಯರಿನ ಮಸಿ ಹಿಡಿದು ಕಪ್ಪು. ಮಗುವಿನ ಕಡೆ ಕೈ ಚಾಚಿದರು. ನರ್ಸು, "ಅಜ್ಜ, ಮೊದಲು ಕೈ ತೊಳೆದು ಬನ್ನಿ" ಎಂದಳು. ತೊಳೆದು ಬಂದರು. ಪುನಃ ಕಳಿಸಿದಳು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಮಸಿ ಹೋಗಲಿಲ್ಲ. ಕಡೆಗೆ ಗೋಡೆಗೆ ಒರಗಿ ನಿಂತು, ಕೈಯೆರಡನ್ನೂ ಬೆನ್ನಿಗೆ ಕಟ್ಟಿಕೊಂಡು, ದೂರದಿಂದಲೇ ಮೊಮ್ಮಗಳ ಮುಖ ನೋಡಿದರು.

"ಮಗುಚಿ ಆಯ್ತಾ?" ಎಂದು ಮಗಳು ಮಲಗಿದಲ್ಲಿಂದಲೇ ಕೇಳಿದಳು.

"ಆಯ್ತು" ಎಂದರು, ನೆಲ ನೋಡುತ್ತ.

"ಹಾಗಾದರೆ ಆ ಕಾರಿನಲ್ಲಿ ನಾನೂ ಬರುವುದಿಲ್ಲ, ಇವಳನ್ನೂ ಹತ್ತಿಸುವುದಿಲ್ಲ ಅಪ್ಪ. ಪೊರ್ಬುಗಳನ್ನೇ ಕರೀತೇನೆ."

ಅವಳು ಸಿಟ್ಟಿನಲ್ಲಿ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ಅವರಿಗೆ ತಾಗುತ್ತಿರಲಿಲ್ಲ. ನಾನು ಹೇಳಿದ ಸಿಟ್ಟಿನ ಮಾತು ಎಷ್ಟು ಗಾಳಿಗೆ ಹೋಗಿದೆಯೋ. ಇವರು ಹೊರಗೆ ಹೋಗಿ ವರಾಂಡದ ಬೆಂಚಿನಲ್ಲಿ ಕುಳಿತರು. ನಾನು ಚಹಾ ಕೊಂಡುಹೋಗಿ ಕೊಟ್ಟೆ. ಕುಡಿದರು.

ಮನೆಗೆ ಹೋಗುವ ದಿನ ಕಾರು ಬಂತು. ನಾಲ್ಕೂ ಟಯರು ಹೊಸತು. ಮುಂದಿನ ಚಕ್ರಗಳು ಮನುಷ್ಯರು ನಿಂತ ಹಾಗೆ ನೆಟ್ಟಗೆ ನಿಂತಿದ್ದವು. ಮಗಳು ಹತ್ತುವ ಮೊದಲು ನನ್ನ ಮುಖ ನೋಡಿದಳು. ಆಸ್ಪತ್ರೆಯ ಗೇಟಿನಲ್ಲಿ ಜನ ನೋಡುತ್ತಿದ್ದರೂ ನಾನು ಸೀರೆ ಎತ್ತಿ ಕಟ್ಟಿ, ಬಗ್ಗಿ, ಚಕ್ರದ ಹಿಂದೆ ಕೈ ಹಾಕಿ ಒಳ ಅಂಚನ್ನು ಮುಟ್ಟಿ ನೋಡಿದೆ. ಗೆರೆ ಇತ್ತು. ಹತ್ತು ಎಂದೆ.

ಟ್ರ್ಯಾಕಿನ ಹುಚ್ಚು ಬಿಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಗುವಿನ ನಾಮಕರಣ ಮುಗಿದು ಸ್ವಲ್ಪ ಸಮಯಕ್ಕೆ ಪುನಃ ಸುರುವಾಯಿತು. ಈಗ ಟ್ರ್ಯಾಕಿಗೆಂದೇ ಬೇರೆ ನಾಲ್ಕು ಟಯರು ರಿಮ್ಮು ಸಮೇತ ತಂದಿಟ್ಟಿದ್ದಾರೆ. ಇಟ್ಟದ್ದು ಎಲ್ಲಿ? ನನ್ನ ಉಪ್ಪಿನಕಾಯಿ ಭರಣಿ ಇದ್ದ ಜಾಗದಲ್ಲಿ. ಉಗ್ರಾಣಕ್ಕೆ ಹೊಕ್ಕರೆ ರಬ್ಬರಿನ ವಾಸನೆ. ಅವು ಹೊರ ಅಂಚು ಸವೆಯಲಿ, ಒಳ ಅಂಚು ಸವೆಯಲಿ, ಬೇಕಾದರೆ ಮಗುಚಿಕೊಳ್ಳಲಿ, ನಾನು ಕೇಳುವುದಿಲ್ಲ. ಮನೆಯ ಟಯರಿಗೆ ಮಾತ್ರ ಒಂದು ಕರಾರು ಹಾಕಿದ್ದೇನೆ. ಟ್ರ್ಯಾಕಿನಿಂದ ಬರುವಾಗ ಸೀದಾ ಮನೆಗೆ ಬರಬಾರದು. ಮೊದಲು ಎಲೈನ್‌ಮೆಂಟ್ ಅಂಗಡಿಗೆ ಹೋಗಿ ಚಕ್ರ ನೆಟ್ಟಗೆ ಮಾಡಿಸಿ, ಆಮೇಲೆ ಗೇಟು.

ಮೊನ್ನೆ ಕೊಯಮತ್ತೂರಿನಿಂದ ಬಂದವರು ಮಧ್ಯಾಹ್ನದ ಹೊತ್ತಿಗೆ ಗೇಟಿನ ಹೊರಗೆ ಹಾರ್ನು ಹೊಡೆದರು. ಮರುದಿನ ಮಗಳು ಮೊಮ್ಮಗಳು ಬರುವವರಿದ್ದರು, ಕುಂಬಳೆ ಸ್ಟೇಶನಿನಿಂದ ಕರೆತರಬೇಕಿತ್ತು. ನಾನು ಹೋಗಿ ಗೇಟಿನ ಸರಳುಗಳ ಸಂದಿಯಿಂದ ಚಕ್ರ ನೋಡಿದೆ. ತಲೆ ಒಳಕ್ಕೆ ವಾಲಿಕೊಂಡೇ ಇತ್ತು.

"ಅಂಗಡಿಗೆ ಹೋಗ್ಲಿಲ್ಲವಾ?"

"ಹಸಿವಾಗ್ತದೆ ಮಾರಾಯ್ತಿ. ಊಟ ಮಾಡಿ ಹೋಗ್ತೇನೆ."

"ಊಟ ಮಾಡಿದರೆ ನಿದ್ರೆ ಬರ್ತದೆ ನಿಮಗೆ. ಹೋಗಿ ಬನ್ನಿ, ಬಿಸಿ ಮಾಡಿ ಬಡಿಸ್ತೇನೆ."

"ಸಾರು ಎಂತದು ಇವತ್ತು?"

"ಬಂದ ಮೇಲೆ ಗೊತ್ತಾಗ್ತದೆ."

ಅವರು ಬೇಲಿಯ ಆಚೆಗೆ ನೋಡಿ, "ಪೊರ್ಬುಗಳೇ, ಇದು ಎಂತ ನ್ಯಾಯ ಹೇಳಿ" ಎಂದರು. ಪೊರ್ಬುಗಳು ಬೀಡಿ ಸೇದುತ್ತ ನಿಂತಿದ್ದವರು, "ನಾನು ಎಂತದೂ ನೋಡ್ಲಿಲ್ಲಪ್ಪ" ಎಂದು ಒಳಗೆ ಹೋದರು. ಇವರು ಗೊಣಗುತ್ತ ಕಾರು ತಿರುಗಿಸಿದರು. ನಾನು ಗೇಟಿನ ಚಿಲಕ ಗಟ್ಟಿ ಇದೆಯೇ ಎಂದು ನೋಡಿ, ಅನ್ನದ ಪಾತ್ರೆ ಮುಚ್ಚಿಡಲು ಒಳಗೆ ಬಂದೆ.